ಪೂಂಗಾವನಂ ಎತ್ತದ ಹೊದಿಕೆ

ಆರಣಿಯ ರೇಷ್ಮೆ ನೇಕಾರರ ಬೀದಿಯಲ್ಲಿ ಪೂಂಗಾವನಂ ಜೀವಮಾನವಿಡೀ ಮಾಡಿದ್ದು ಹಾಸು ಕೂಡಿಸುವ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು, ಗಂಟು ಹಾಕುವಂತಿಲ್ಲ. ಎಳೆ ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳಬೇಕು. ತಂದೆಯಿಲ್ಲದ ಮನೆಯಲ್ಲಿ ಇದನ್ನು ಅವಳಿಗೆ ಕಲಿಸಿದವನು ಅಣ್ಣ ಏಕಾಂಬರಂ.

ಒಬ್ಬನೇ ಮಗ ಕೆರೆಯಲ್ಲಿ ಮುಳುಗಿಹೋದ ವರ್ಷ ಏಕಾಂಬರಂ ಅರ್ಧ ನೆಯ್ದ ಸೀರೆಯನ್ನು ಮಗ್ಗದಲ್ಲೇ ಬಿಟ್ಟು ಹೊರಟುಹೋದ. ಆಮೇಲೆ ಬಹುಕಾಲ ಅವನ ಸುದ್ದಿಯಿರಲಿಲ್ಲ. ಈಚೆಗೆ ಒಂದು ಹುಣ್ಣಿಮೆಗೆ ತಿರುವಣ್ಣಾಮಲೈ ಬೆಟ್ಟಕ್ಕೆ ಪ್ರದಕ್ಷಿಣೆ ಬರಲು ಹೋಗಿದ್ದ ಅವಳ ಮಗ ದಂಡಪಾಣಿ, ದಾರಿಬದಿಯಲ್ಲಿ ಮಲಗುವ ಕಾವಿ ಬಟ್ಟೆಯ ಸಾಧುಗಳ ಸಾಲಿನಲ್ಲಿ ಮಾವನನ್ನು ಕಂಡ. ಸಂತೋಷ ತಡೆಯಲಾರದೆ ಹೆಸರು ಹಿಡಿದು ಕೂಗಿದ. ಆ ಮನುಷ್ಯ ಗಂಟು ಎತ್ತಿಕೊಂಡು ಜನಜಂಗುಳಿಯಲ್ಲಿ ಮರೆಯಾದ.

ಆದ್ದರಿಂದ ಈ ಸಲ ಪೂಂಗಾವನಂ ಒಬ್ಬಳೇ ಅಲ್ಲಿಗೆ ಬಂದಳು. ಅಣ್ಣನ ಹೆಸರೆತ್ತಬಾರದೆಂದು ಬಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದಳು.

ಸುಡು ಮಧ್ಯಾಹ್ನ. ಮರಗಳ ನೆರಳಿನಲ್ಲಿ ಸಾಲಾಗಿ ಮಲಗಿದವರೆಲ್ಲ ನೊಣಕ್ಕೆ ಅಂಜಿ ತಲೆಯಿಂದ ಕಾಲವರೆಗೆ ಹೊದ್ದುಕೊಂಡಿದ್ದರು. ಶವಗಳಿಗೆ ಹೊದಿಸುವುದೂ ಹೀಗೆಯೇ ಎಂಬುದು ಅವಳಿಗೆ ಆಗ ಹೊಳೆಯಿತು.

ಒಬ್ಬರನ್ನು ಹುಡುಕಿಕೊಂಡು ಬಂದಿದ್ದೇನೆ ಎಂದಾಗ, ಎದುರಿನ ಟೀ ಅಂಗಡಿಯ ಅಂಜಲೈ ಲೋಟ ತೊಳೆಯುತ್ತಲೇ ಹೇಳಿದಳು: "ಇಲ್ಲಿ ಯಾರಿಗೂ ಹೆಸರಿಲ್ಲಕ್ಕಾ, ಎಲ್ರೂ ಸಾಮಿಗಳೇ. ಹೋದ ತಿಂಗ್ಳು ಇಬ್ರನ್ನ ವ್ಯಾನಲ್ಲಿ ಹಾಕ್ಕೊಂಡು ಹೋದ್ರು. ನಿದ್ದೆ ಮಾಡ್ತಿದಾರೆ ಅಂತ್ಲೇ ಸಂಜೆವರೆಗೂ ಅಂದ್ಕೊಂಡಿದ್ವಿ."

"ಅವರಲ್ಲಿ ಎತ್ತರದೋರು ಯಾರಾದ್ರೂ ಇದ್ರಾ?"

"ಸುತ್ತಿದ ಮೇಲೆ ಎತ್ತರವೇನು, ಗಿಡ್ಡವೇನು? ಒಂದೊಂದೇ ಎತ್ತಿ ನೋಡು, ಹೋಗು."

ಅವಳು ಮೊದಲ ಹೊದಿಕೆಯ ತುದಿ ಎತ್ತಿದಳು. ಒಳಗಿಂದ ಹಲ್ಲಿಲ್ಲದ ಮುದುಕನೊಬ್ಬ ಕಣ್ಣು ಬಿಟ್ಟ.

"ಏನಮ್ಮಾ ತಾಯಿ, ಸತ್ತಿದೀನಾ ಅಂತ ನೋಡ್ತಿದೀಯಾ? ಇನ್ನೂ ಇದೀನಿ. ನಂಬಿಕೆ ಇಲ್ದಿದ್ರೆ ಒಂದು ಟೀ ಕೊಡ್ಸಿ ನೋಡು!"

ಪಕ್ಕದವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಸಾಲಿನ ಕೊನೆಯಲ್ಲಿ ಮಲಗಿದ್ದವನು ಆ ನಗುವಿಗೂ ಮಿಸುಕಲಿಲ್ಲ. ಬಿರಿದ ಹಿಮ್ಮಡಿಗಳು ಹೊರಗಿದ್ದವು. ನೊಣ ಕೂತರೂ ಅವು ಅಲುಗಲಿಲ್ಲ.

ಅವನ ಹೊದಿಕೆ ಒಂದು ಕಡೆ ಹರಿದಿತ್ತು. ಹರಿದಲ್ಲಿ ಹೊಲಿಗೆಯಿರಲಿಲ್ಲ, ಗಂಟಿರಲಿಲ್ಲ. ಎಳೆಗೆ ಎಳೆ ಹೊಸೆದು ಕೂಡಿಸಲಾಗಿತ್ತು.

ಪೂಂಗಾವನಂ ಬಗ್ಗಿ ಆ ಹೊಸೆತವನ್ನು ನೋಡಿದಳು. ಅಷ್ಟು ಹೊತ್ತು ಇವನು ಅವನಲ್ಲದಿರಬಹುದು ಎಂಬ ಆಸರೆಯಾದರೂ ಇತ್ತು; ಈಗ ಅದೂ ಹೋಯಿತು. ಬಟ್ಟೆಯಡಿ ಇರುವವನು ಅಣ್ಣನೇ. ಉಸಿರಾಡುತ್ತಿದ್ದಾನೆಯೇ ಎಂಬುದೊಂದೇ ಉಳಿದದ್ದು. ಕೂಗಿದರೆ ಎದ್ದು ಓಡಿಯಾನು. ಎತ್ತಿ ನೋಡಿದರೆ ಓಡಲಾರದವನೇ ಆಗಿದ್ದರೆ?

ಅವಳು ಎರಡನ್ನೂ ಮಾಡಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕುಳಿತು, ಹರಿದ ಭಾಗದಲ್ಲಿ ಇನ್ನೂ ಬಿಡಿಯಾಗಿದ್ದ ಎರಡು ಎಳೆಗಳನ್ನು ಹುಡುಕಿ ಹಿಡಿದಳು. ಹಣೆಯ ವಿಭೂತಿಯನ್ನು ಬೆರಳಿಗೆ ಮುಟ್ಟಿಸಿಕೊಂಡು ಹೊಸೆಯತೊಡಗಿದಳು. ಬೆವರಿದ ಬೆರಳಿನಲ್ಲಿ ಎಳೆ ನಿಲ್ಲಲಿಲ್ಲ. ಮತ್ತೆ ಹಿಡಿದಳು, ಮತ್ತೆ ಜಾರಿತು. ಹೊದಿಕೆಯೊಳಗೆ ಯಾವ ಸದ್ದೂ ಇಲ್ಲ. ಮೂರನೆಯ ಸಲ ಅವಳಿಗೆ ಕಣ್ಣೀರು ಅಡ್ಡಬಂದು ಎಳೆಯೇ ಕಾಣದಾಯಿತು.

"ಬೂದಿ ಸಾಲ್ದು," ಎಂದಿತು ಬಟ್ಟೆಯಡಿಯ ದನಿ. "ಆಗ್ಲೂ ಇಷ್ಟೇ ಹಚ್ಕೊಳ್ತಿದ್ದೆ ನೀನು."

ಅವಳು ಹೊದಿಕೆ ಎತ್ತಲಿಲ್ಲ. ಅದರ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ, ಅಂಗಡಿಯತ್ತ ತಿರುಗಿ ಕೂಗಿದಳು:

"ಅಂಜಲೈ, ಎರಡು ಟೀ ಇಲ್ಲಿಗೇ ತಂದ್ಕೊಡಮ್ಮಾ. ನಾನು ಎದ್ದು ಬರೋ ಹಾಗಿಲ್ಲ."