ಹೊಳೆಗೆ ಬಿಟ್ಟ ಬಟ್ಟೆ

ಶ್ರೀರಂಗಪಟ್ಟಣದ ಗಂಜಾಂನ ಟೈಲರ್ ಚಲುವಮ್ಮ ಯಾರನ್ನೂ ನಂಬುವ ಪೈಕಿಯಲ್ಲ. ಅದಕ್ಕೆ ಅವಳನ್ನು ದೂರುವುದೂ ಸರಿಯಲ್ಲ, ಅವಳ ಕಸುಬೇ ಅಂಥದ್ದು. ಹೆಂಗಸರು ಅಳತೆಗೆಂದು ತರುವ ರವಿಕೆ ಯಾವ ಕಾಲದ್ದೋ, ಮೈ ಮಾತ್ರ ಇವತ್ತಿನದು. "ಇದೇ ಅಳತೆ ಸರಿಯಾಗೈತೆ ಕಣಕ್ಕ" ಎಂದು ಆಣೆ ಇಟ್ಟು ಹೇಳುವವಳ ತೋಳಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ತುಟಿಪಿಟಕ್ಕೆನ್ನದೆ, ಒಳಗೆ ಒಂದಿಷ್ಟು ಬಟ್ಟೆ ಹೆಚ್ಚಿಗೆ ಮಡಚಿಟ್ಟು ಹೊಲಿಯುತ್ತಾಳೆ. ಮದುವೆಯ ದಿನ ರವಿಕೆ ಬಿಗಿಯೆಂದು ಅತ್ತ ಹುಡುಗಿ ಅವಳ ಗಿರಾಕಿಗಳಲ್ಲಿ ಒಬ್ಬಳೂ ಇಲ್ಲ. ಹಾಗಾಗಿ ಧಾರೆ ರವಿಕೆ ಎಂದರೆ ಪಾಂಡವಪುರದವರೂ ಬಸ್ಸು ಹತ್ತಿ ಅವಳಲ್ಲಿಗೇ ಬರುತ್ತಾರೆ. ಗಂಡ ಹೋದ ಮೇಲೆ ಮಗಳು ಮೇಘನಳನ್ನು ಓದಿಸಿದ್ದೂ, ಮನೆ ನಡೆದದ್ದೂ ಆ ರವಿಕೆಗಳಿಂದಲೇ.

ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ನುಗಳಿವೆ. ಒಂದು ಮೋಟಾರಿನದು. ಜಿಪ್ಪು, ಲಂಗ, ಪ್ಯಾಂಟಿನ ಮಡಿಕೆ ಎಲ್ಲ ಅದರಲ್ಲಿ. ಇನ್ನೊಂದು ನಾಗಮಂಗಲದ ತವರಿನಿಂದ ಬಂದ ಕಪ್ಪು ಕಾಲು ಮೆಷಿನ್ನು. ಅದಕ್ಕೆ ದಿನವೂ ಕುಂಕುಮ, ಶುಕ್ರವಾರ ಹೂವು. ಧಾರೆ ರವಿಕೆಗಳನ್ನು ಅದರ ಮೇಲೆ ಬಿಟ್ಟು ಬೇರೆಲ್ಲೂ ಹೊಲಿಯುವುದಿಲ್ಲ ಎಂದು ಗಿರಾಕಿಗಳಿಗೂ ಗೊತ್ತು, ಅವರಿಗೆ ಅದೊಂದು ಸಮಾಧಾನ.

ಇಂಥ ಮನೆಗೆ ಮೈಸೂರಿನ ಡಿಸೈನ್ ಕಾಲೇಜಿನಿಂದ ಅರ್ಪಿತ ಎಂಬ ಮೇಡಂ ಬಂದಳು. ಟೈಲರ್ ಮನೆಗಳ ಹೆಣ್ಣುಮಕ್ಕಳಿಗೆ ಆರು ತಿಂಗಳ ಕೋರ್ಸು, ಹಳೆಯ ಬಟ್ಟೆಯಿಂದ ಹೊಸ ಉಡುಪು ಮಾಡುವುದು, ಚೂರೂ ಬಿಸಾಡದ ಹಾಗೆ ಕತ್ತರಿಸುವುದು. ಚೆನ್ನಾಗಿ ಮಾಡಿದ ಒಬ್ಬಳಿಗೆ ಫೀಸಿಲ್ಲದೆ ಡಿಗ್ರಿಗೆ ಸೀಟು. ಕಲಿಯುವ ಹುಡುಗಿಯರು ಹೊಲಿಯಲು ಚಲುವಮ್ಮನ ಕೋಣೆ ಬೇಕಂತೆ, ಬಾಡಿಗೆಯನ್ನೂ ಕೊಡುತ್ತಾರಂತೆ. ಮೇಘನ ಅದಾಗಲೇ ಹೆಸರು ಕೊಟ್ಟು ಬಂದಿದ್ದಳು. ಚಲುವಮ್ಮ ಮೇಡಂನ ಚಪ್ಪಲಿಯಿಂದ ಕನ್ನಡಕದವರೆಗೆ ನೋಡಿದಳು. ಒಂದು ಬಟ್ಟೆಗೆ ಎಷ್ಟು ನೀರು ಖರ್ಚಾಗುತ್ತದೆ, ಬಣ್ಣದ ಕಾರ್ಖಾನೆಯ ನೀರು ಎಲ್ಲಿಗೆ ಹರಿಯುತ್ತದೆ ಎಂದೆಲ್ಲ ಆಕೆ ಹೇಳುತ್ತಿದ್ದರೆ, ಇವಳಿಗೆ ಇದರಲ್ಲಿ ಯಾರಿಗೆ ಏನು ಲಾಭ ಎಂಬ ಒಂದೇ ಯೋಚನೆ. ಪುಕ್ಕಟೆ ಸೀಟು ಕೊಡುವವರು ಇನ್ನೇನನ್ನೋ ಕಿತ್ತುಕೊಳ್ಳದೆ ಬಿಟ್ಟಾರೆಯೇ? ಆದರೂ ಮಗಳ ಮುಖ ನೋಡಿ ಹೂಂ ಅಂದಳು.

ಒಂದು ದಿನ ಮೋಟಾರು ಸುಟ್ಟುಹೋಯಿತು. ರಿಪೇರಿಯವನು ನಾಳೆ, ನಾಡಿದ್ದು ಎನ್ನುತ್ತಲೇ ಇದ್ದ. ಮಗಳ ಕೆಲಸ ನಿಲ್ಲಬಾರದೆಂದು ಚಲುವಮ್ಮ ಮನಸ್ಸು ಗಟ್ಟಿ ಮಾಡಿ ಕಪ್ಪು ಮೆಷಿನ್ನನ್ನೇ ಬಿಟ್ಟುಕೊಟ್ಟಳು. ಅದೇ ವಾರ ಪಾಂಡವಪುರದ ಜಯಲಕ್ಷ್ಮಮ್ಮನ ಮಗಳು ರಮ್ಯಳ ಧಾರೆ ರವಿಕೆಯನ್ನೂ ಅದರ ಮೇಲೇ ಮುಗಿಸಿದಳು.

ಅನುಮಾನ ಶುರುವಾದದ್ದು ಮೇಘನ ಹೊಲಿಯುತ್ತಿದ್ದ ಬಟ್ಟೆಯಿಂದ. ಕೆ.ಆರ್. ಪೇಟೆ ಕಡೆಯ ಮನೆಗಳಿಂದ ಮೇಡಂ ಸಂಗ್ರಹಿಸಿದ್ದು ಎಂದು ಹೇಳಿ ಅವಳು ಮೂಟೆ ಇಳಿಸಿಕೊಂಡಿದ್ದಳು. ತಂದದ್ದು ಪಕ್ಕದ ಬೀದಿಯ ಪುಟ್ಟರಾಜುವಿನ ಲಗೇಜ್ ಆಟೊ. ಚಲುವಮ್ಮ ಒಂದೊಂದೇ ಸೀರೆ ಬಿಡಿಸಿದಳು. ಎಲ್ಲಕ್ಕೂ ಫಾಲ್ ಹಾಗೇ ಇದೆ! ಶರ್ಟುಗಳಿಗೆ ಗುಂಡಿಗಳೂ ಇವೆ. ಫಾಲ್ ಬಿಚ್ಚಿಟ್ಟುಕೊಳ್ಳದೆ, ಗುಂಡಿ ಕೀಳದೆ ಹಳೆ ಬಟ್ಟೆ ಕೊಡುವ ಗೃಹಿಣಿ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅಂಥ ಸೀರೆಯನ್ನು ಪಾತ್ರೆಯವಳಿಗೆ ಕೊಟ್ಟರೆ ಒಂದು ಸ್ಟೀಲ್ ಡಬರಿಯಾದರೂ ಬರುವುದಿಲ್ಲವೇ? ಅವಳು ಒಂದು ಪಂಚೆಯ ಅಂಚಿನ ಮಡಿಕೆ ಬಿಚ್ಚಿದಳು. ನುಣ್ಣನೆಯ ಮರಳು ಮಡಿಲಿಗೆ ಉದುರಿತು.

ಅವಳು ಮಡಿಲು ಕೊಡವಿ ಎದ್ದಳು. ಶ್ರೀರಂಗಪಟ್ಟಣದಲ್ಲಿ ಬೆಳೆದ ಮಕ್ಕಳಿಗೂ ಗೊತ್ತು, ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಮುಳುಗೆದ್ದವರು ಮೈಮೇಲಿನ ಬಟ್ಟೆಯನ್ನು ಹೊಳೆಗೇ ಬಿಟ್ಟು, ಬೇರೆ ಉಟ್ಟು, ತಿರುಗಿ ನೋಡದೆ ಹೋಗುತ್ತಾರೆ. ಸಾವಿನ ಬಟ್ಟೆ, ದೋಷದ ಬಟ್ಟೆ. ಅದನ್ನು ಮುಟ್ಟಿದ ಮೆಷಿನ್ನಿನಲ್ಲಿ ಮದುವೆ ರವಿಕೆ ಹೊಲಿದಳೆಂದು ಸುದ್ದಿಯಾದರೆ ಅವಳ ಬಾಗಿಲಿಗೆ ಯಾರು ಬಂದಾರು?

ಪುಟ್ಟರಾಜುವನ್ನು ಹಿಡಿದು ನಿಲ್ಲಿಸಿದಳು.

"ಏನ್ಲಾ, ಮೂಟೆ ಕೆ.ಆರ್. ಪೇಟೆಯಿಂದ ತಂದ್ಯಾ?"

"ಊಂ ಕಣಕ್ಕ."

"ಯಾವ್ ಬೀದಿಲಿ ತುಂಬ್ಕೊಂಡೆ?"

"ಅದೇ... ಬಸ್ಟ್ಯಾಂಡ್ ತಾವ."

"ಬಸ್ಟ್ಯಾಂಡಲ್ಲಿ ಮನೆ ಕಟ್ಕಂಡವ್ರಾ ಜನ?"

ಅವನು ತಲೆ ಕೆರೆದು ಗಾಡಿ ಸ್ಟಾರ್ಟ್ ಮಾಡಿಬಿಟ್ಟ. ಚಲುವಮ್ಮನಿಗೆ ಎಲ್ಲ ಸ್ಪಷ್ಟವಾಯಿತು. ಆ ಮೇಡಂ ಕಾಸು ಕೊಟ್ಟು ಇವನಿಂದ ಹೊಳೆ ಬಟ್ಟೆ ಎತ್ತಿಸುತ್ತಿದ್ದಾಳೆ, ಏನೂ ಅರಿಯದ ತನ್ನ ಮಗಳ ಕೈಲಿ ಹೊಲಿಸುತ್ತಿದ್ದಾಳೆ. ಸಿಕ್ಕಲಿ, ಸೀಟೂ ಬೇಡ ಗೀಟೂ ಬೇಡ, ಕೈಯಾರೆ ಹಿಡಿದು ಮುಖಕ್ಕೇ ಹೇಳುತ್ತೇನೆ ಎಂದುಕೊಂಡು ಮಾರನೆಯ ಬೆಳಿಗ್ಗೆ ಮಗಳಿಗೂ ಹೇಳದೆ ಪಶ್ಚಿಮವಾಹಿನಿಗೆ ಹೊರಟಳು.

ಮೆಟ್ಟಿಲ ಬಳಿ ಯಾರದೋ ಮನೆಯವರು ತಲೆ ಬೋಳಿಸಿಕೊಂಡು ಕೂತಿದ್ದರು. ಕೆಳಗೆ ಘಾಟಿನ ಕಸ ಎತ್ತುವ ಮಂಚಮ್ಮ ನೀರಿಗಿಳಿದು, ಕೊಕ್ಕೆ ಕಟ್ಟಿದ ಬಿದಿರಿನಿಂದ ಒಂದು ಸೀರೆಯನ್ನು ಎಳೆಯುತ್ತಿದ್ದಳು. ಅವಳ ಪಕ್ಕದಲ್ಲಿ ಮಂಡಿಯುದ್ದ ನೀರಲ್ಲಿ ಬೆನ್ನು ಮಾಡಿ ನಿಂತ ಇನ್ನೊಬ್ಬಳು. ಚಲುವಮ್ಮನಿಗೆ ಮುಖ ಕಾಣಬೇಕಾಗಿರಲಿಲ್ಲ. ಆ ಟಾಪಿನ ಬೆನ್ನಿನ ಕಟಿಂಗು ತನ್ನದೇ, ದೀಪಾವಳಿಗೆ ಹೊಲಿದುಕೊಟ್ಟದ್ದು.

"ಮೇಘನಾ!"

ಹುಡುಗಿ ತಿರುಗಿದಳು. ಬಟ್ಟೆ ಕೈಬಿಡಲಿಲ್ಲ.

"ಆ ಮೇಡಂ ಕಳ್ಸುದ್ಲಾ ನಿನ್ನ? ಮ್ಯಾಕ್ ಬಾ ಮೊದ್ಲು!"

"ಮೇಡಮ್ಮು ಕಳಿಸ್ಲಿಲ್ಲ. ನಿಮ್ಮೂರಲ್ಲಿ ಬಟ್ಟೆ ಎಲ್ಲಿ ಬಿಸಾಕ್ತಾರೋ ಅಲ್ಲಿಂದ ತನ್ನಿ ಅಂದ್ರು. ನಮ್ಮೂರಲ್ಲಿ ಎಲ್ಲಿ ಬಿಸಾಕ್ತಾರೆ ಅಂತ ನಿಂಗೊತ್ತಿಲ್ವಾ ಅವ್ವ? ಈ ಪಾಲಿಯೆಸ್ಟರು ಕೊಳಿಯಲ್ಲ, ಬೇರಿಗೆ ಸುತ್ಕಂಡು ಅಲ್ಲೇ ಇರ್ತದೆ. ಮಂಚಮ್ಮಕ್ಕನ್ ಮನೇಲಿ ಕುದಿಯೋ ನೀರ್ಗಾಕಿ ಒಗೆದೇ ತರ್ತಿದ್ದೆ. ಅವ್ವ ಒಪ್ಪವ್ರೆ ಅಂತ ಮೇಡಮ್ಗೂ, ಕೆ.ಆರ್. ಪೇಟೆ ಅನ್ನು ಅಂತ ಪುಟ್ಟರಾಜುಗೂ ನಾನೇ ಹೇಳ್ದೆ."

"ನಂಗ್ಯಾಕ್ ಹೇಳ್ಲಿಲ್ಲ?"

"ಹೇಳುದ್ರೆ ನಂಬ್ತಿದ್ದಾ? ಬಸ್ಸು ತಡವಾಗಿ ಬಂದ್ರೂ ನನ್ ಬ್ಯಾಗು ತಡಕಾಡ್ತೀಯ. ನಿಜ ಹೇಳುದ್ರೂ ಬೈತೀಯ, ಸುಳ್ಳು ಹೇಳುದ್ರೂ ಬೈತೀಯ. ಸುಳ್ಳೇ ಸಲೀಸು ಅನ್ನುಸ್ತು."

ಮಂಚಮ್ಮ ನಡುವೆ ಬಾಯಿ ಹಾಕಿದಳು. "ಬೈಬ್ಯಾಡ ಕಣಕ್ಕೋ. ಎಳೆದೂ ಎಳೆದೂ ನನ್ ಸೊಂಟ ಬಿದ್ದೋಗಿತ್ತು. ಈ ಮಗ ಬಂದ್ ಮ್ಯಾಲೆ ಒಸಿ ನೀರು ಕಾಣ್ತಾದೆ."

ಊರಿನವರನ್ನೆಲ್ಲ ಅನುಮಾನದಿಂದ ನೋಡಿದ್ದ ಚಲುವಮ್ಮ ಮಗಳೊಬ್ಬಳನ್ನು ಮಾತ್ರ ಬಿಟ್ಟಿದ್ದೇನೆ ಎಂದುಕೊಂಡಿದ್ದಳು. ಬ್ಯಾಗಿನ ಮಾತು ಕೇಳಿದ ಮೇಲೆ ಅದೂ ಸುಳ್ಳೆಂದು ಗೊತ್ತಾಗಿ ತುಂಬಾ ನೋವಾಯಿತು. ಗಂಡನ ಅಸ್ಥಿ ಬಿಟ್ಟ ದಿನ ಅವಳೂ ಇದೇ ನೀರಿಗೆ ತನ್ನ ಸೀರೆ ಬಿಟ್ಟು ಹೋಗಿದ್ದಳು. ಅದು ಎಲ್ಲಿಗೆ ಹೋಯಿತೆಂದು ಇಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ.

ಅವತ್ತು ಮಧ್ಯಾಹ್ನವೇ ಜಯಲಕ್ಷ್ಮಮ್ಮ ರವಿಕೆಗೆ ಬರುವವಳಿದ್ದಳು. ಮೇಘನಳಿಂದ ವಿಷಯ ತಿಳಿದ ಅರ್ಪಿತ ಫೋನ್ ಮಾಡಿದಳು. "ನಿಮ್ಮನ್ನೇ ನೇರವಾಗಿ ಕೇಳಬೇಕಿತ್ತಮ್ಮ, ತಪ್ಪಾಯಿತು. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ, ನಾನೇ ತಂದು ಹಾಕಿದ್ದೆ ಅನ್ನಿ. ನಾನು ಊರಿನವಳಲ್ಲ, ನಡೆಯುತ್ತದೆ." ಇಷ್ಟು ಸುಲಭವಾಗಿ ತಪ್ಪು ಹೊರುವವಳ ಒಳಗೇನಿದೆಯೋ ಎಂದು ಚಲುವಮ್ಮನಿಗೆ ಆಗಲೂ ಅನ್ನಿಸಿತು. ಹುಟ್ಟುಗುಣ ಒಂದು ಬೆಳಿಗ್ಗೆಯಲ್ಲಿ ಹೋಗುತ್ತದೆಯೇ? ಆದರೂ ದಾರಿಯೇನೋ ಸಿಕ್ಕಿತ್ತು. ಸುಮ್ಮನಿದ್ದರೆ ಕೇಳುವವರಿಲ್ಲ, ಕೇಳಿದರೆ ಮೇಡಂ ಇದ್ದಾಳೆ.

ಜಯಲಕ್ಷ್ಮಮ್ಮ ಬಂದವಳೇ ಗೋಡೆಯ ಮೊಳೆಗೆ ನೇತುಹಾಕಿದ್ದ ಉದ್ದನೆಯ ಕೋಟಿನ ಮುಂದೆ ನಿಂತಳು. ಮೇಘನಳದೇ ಕೆಲಸ. ಹಸಿರು, ಕುಂಕುಮಗೆಂಪು, ಬೂದಿ ಬಣ್ಣದ ಸೀರೆಯ ತುಂಡುಗಳು ಒಂದಕ್ಕೊಂದು ಹೊಂದಿ ಕೂತಿದ್ದವು.

"ಅಯ್ಯೋ, ಎಷ್ಟ್ ಚೆನ್ನಾಗೈತೆ ಚಲುವಕ್ಕ! ನಮ್ ರಮ್ಯಂಗೂ ಇಂಗೇ ಒಂದು ಒಲ್ಸಿಕೊಡು. ಬಟ್ಟೆ ಎಲ್ಲಿ ತಂದ್ರಿ?" ಎನ್ನುತ್ತಾ ತೋಳನ್ನು ಸವರಿದಳು.

ಒಳಬಾಗಿಲಲ್ಲಿ ಮೇಘನ ನಿಂತಿದ್ದಳು. ಚಲುವಮ್ಮ ಮೆಷಿನ್ನಿನ ಮೇಲೆ ಮಡಚಿಟ್ಟಿದ್ದ ಧಾರೆ ರವಿಕೆ ನೋಡಿದಳು. ತನಗೇ ಅರ್ಧ ಭಯವಿತ್ತು. ರಮ್ಯ ಮದುವೆಯಾಗಿ ಹೋದ ಮೇಲೆ ಅವಳಿಗೊಂದು ತಲೆನೋವು ಬಂದರೂ ತಾನು ಬೆಚ್ಚಬೇಕಾಗುತ್ತದೆ.

"ಒಳೆಲಿ ಬುಟ್ಟಿದ್ ಬಟ್ಟೆ ಕಣವ್ವ. ನನ್ ಮಗ್ಳೇ ತಂದಿದ್ದು," ಎಂದಳು. "ಮೋಟಾರು ಕೆಟ್ಟಿತ್ತು, ಈ ಮೆಷಿನ್ನಲ್ಲೇ ಒಲ್ದವ್ಳೆ. ಆಮ್ಯಾಕೆ ಇದ್ರಲ್ಲೇ ನಿನ್ ರವಿಕೆನೂ ಒಲ್ದೆ. ಆಗ ನಂಗೆ ಗೊತ್ತಿರ್ಲಿಲ್ಲ."

ಜಯಲಕ್ಷ್ಮಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೈಯಲಿಲ್ಲ. ಚಲುವಮ್ಮನ ಮುಖ ನೋಡಿ, "ಇನ್ಯಾರ್ ಯಾರ್ದು ಒಲ್ದಿದ್ದೀಯೋ" ಎಂದಳು. ಆಮೇಲೆ, "ಬಿಚ್ಕೊಡು. ಬಟ್ಟೆ ತೊಳ್ದು ಬೇರೆ ಕಡೆ ಒಲ್ಸ್ಕೊತೀನಿ. ಒಂದೆಳೆ ದಾರನೂ ಇರಬಾರ್ದು."

ಹೊಲಿಗೆ ಬಿಚ್ಚುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ. ಚಲುವಮ್ಮ ನೆಲದ ಮೇಲೆ ಕೂತು ತಾನೇ ಹಾಕಿದ ಒಂದೊಂದು ಹೊಲಿಗೆಯನ್ನೂ ಬಿಡಿಸಿದಳು. ಎದುರಿಗೆ ಜಯಲಕ್ಷ್ಮಮ್ಮ ರೆಪ್ಪೆ ಮಿಟುಕಿಸದೆ ಅವಳ ಕೈಯನ್ನೇ ಕಾಯುತ್ತಿದ್ದಳು. ಇಂಥ ಕಣ್ಣಿನ ಕೆಳಗೆ ಕೂರುವುದು ಎಷ್ಟು ಕಷ್ಟವೆಂದು ಚಲುವಮ್ಮನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮೇಘನ ಬಂದು ಪಕ್ಕದಲ್ಲಿ ಕೂತು ಇನ್ನೊಂದು ತೋಳು ಎತ್ತಿಕೊಂಡಳು. ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿ, ಚೀಲಕ್ಕೆ ಹಾಕಿಕೊಂಡು ಜಯಲಕ್ಷ್ಮಮ್ಮ ಹೋದಳು. ಸಂಜೆಯೊಳಗೆ ಪಾಂಡವಪುರಕ್ಕೆಲ್ಲ ಗೊತ್ತಾಗುತ್ತದೆ, ವಾರದೊಳಗೆ ಕೆ.ಆರ್. ಪೇಟೆಗೂ. ಅದರಲ್ಲಿ ಅವ್ವ ಮಗಳಿಬ್ಬರಿಗೂ ಸಂಶಯವಿರಲಿಲ್ಲ.

ಚಲುವಮ್ಮ ನೆಲದ ಮೇಲಿನ ದಾರದ ಚೂರು ಗುಡಿಸುತ್ತಾ ಕೇಳಿದಳು:

"ನಾಳಿಕೆ ಎಷ್ಟೊತ್ಗೆ ಓಯ್ತೀಯ ಒಳೆಗೆ?"

ಮೇಘನ ಅವ್ವನನ್ನು ಅನುಮಾನದಿಂದ ನೋಡಿದಳು. "ಯಾಕೆ? ನಾನ್ ಓಗ್ದಂಗೆ ಬಾಗ್ಲು ಆಕಕ್ಕಾ?"

"ಅಲ್ಲಿ ಸೆಳವು ಜಾಸ್ತಿ. ನೀರಿಗಿಳಿಯೋವಾಗ ನಾನು ದಡದಲ್ಲಿ ನಿಂತ್ಕೊತೀನಿ."

ನಂಬಬಹುದೋ ಬಾರದೋ ಎಂದು ಮೇಘನ ಅವ್ವನ ಮುಖವನ್ನೇ ನೋಡುತ್ತಾ ನಿಂತಳು.