ಸೋಲೋಕೆ ಬಾರದ ಗಂಡು

ಗಂಡಿನ ಮನೆ ನೋಡೋಕೆ ಅಂತ ಹೋಗಿ ಗೊಂಬೆ ಅಂಗಡಿ ನೋಡಿಕೊಂಡು ಬಂದೆ.

ನಗಬೇಡಿ, ನಡೆದದ್ದು ಹೇಳ್ತೀನಿ. ಹೋದ ಭಾನುವಾರ, ಸರಸ್ವತಿಪುರಂ. ಎರಡಂತಸ್ತಿನ ಮನೆ, ಮುಂದೆ ಕಾರು, ಗೇಟಿಗೆ ಹೊಸ ಬಣ್ಣ. ನನ್ನ ಮಗಳು ಸರೋಜಳ ಮಗಳಿದ್ದಾಳಲ್ಲ, ಸಿಂಚನ, ಅವಳಿಗೆ ಬಂದ ಸಂಬಂಧ. ಹುಡುಗ ನಿಶಾಂತ್. ಕಂಪ್ಯೂಟರ್ ಕೆಲಸ, ಮನೇಲೇ ಕೂತು ಮಾಡೋದು. ಮೂವತ್ತು ದಾಟಿದೆ, ಮುಖದ ತುಂಬಾ ಗಡ್ಡ ಇದೆ.

ಆ ಗಡ್ಡದವನ ರೂಮಿಗೆ ಕಾಲಿಟ್ಟರೆ ಗೋಡೆ ಪೂರ್ತಿ ಗಾಜಿನ ಬೀರು. ಬೀರು ಪೂರ್ತಿ ಗೊಂಬೆ! ಕತ್ತಿ ಹಿಡಿದದ್ದು, ರೆಕ್ಕೆ ಇರೋದು, ಕೊಂಬು ಇರೋದು, ಮೈಮೇಲೆ ಬಟ್ಟೆ ಅಷ್ಟಕ್ಕಷ್ಟೇ ಇರೋದು. ಅರ್ಧಕ್ಕರ್ಧ ಗೊಂಬೆ ಇನ್ನೂ ಡಬ್ಬಿಯಿಂದ ಆಚೆಗೇ ಬಂದಿಲ್ಲ.

"ಯಾಕಪ್ಪ, ಆಡೋಕೆ ಪುರುಸೊತ್ತು ಸಿಕ್ಕಿಲ್ವಾ?" ಅಂದೆ.

"ಬಾಕ್ಸ್ ಓಪನ್ ಮಾಡಿದ್ರೆ ವ್ಯಾಲ್ಯೂ ಹೋಗುತ್ತೆ ಅಜ್ಜಿ" ಅಂದ. ಮರ್ಯಾದೆಯಿಂದಲೇ ಅಂದ, ಸುಳ್ಳು ಯಾಕೆ ಹೇಳಲಿ.

ಪಕ್ಕದಲ್ಲಿ ಅವನ ತಾಯಿ ಶೈಲಜಮ್ಮ. ಹೆಮ್ಮೆಯೋ ಹೆಮ್ಮೆ. "ವಾರಕ್ಕೊಂದ್ಸಲ ನಾನೇ ಬ್ರಶ್ ತಗೊಂಡು ಧೂಳು ಹೊಡೀತೀನಿ ಕಣಮ್ಮ. ಒಂಚೂರು ಆಚೀಚೆ ಆದ್ರೂ ಅವನಿಗೆ ಗೊತ್ತಾಗ್ಬುಡುತ್ತೆ. ಈ ಬೀರು ಮೊದಲು ದಸರಾ ಗೊಂಬೆದು, ನಮ್ಮತ್ತೆ ಕಾಲದ್ದು. ಈಗ ಅವನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದ್ದೀವಿ."

ಹೆಂಗಿದೆ? ಅತ್ತೆಯ ಕಾಲದ ರಾಜ-ರಾಣಿ ಅಟ್ಟದ ಮೇಲೆ ಇಲಿಗಳ ಜೊತೆ. ಕೊಂಬಿನ ರಾಕ್ಷಸ ಗಾಜಿನೊಳಗೆ ಲೈಟ್ ಹಾಕಿಸಿಕೊಂಡು. ಲೈಟು ಅಂದ್ರೆ ಎಂಥಾ ಲೈಟು! ಕೀಬೋರ್ಡಿಗೆ ಲೈಟು, ಮೌಸಿಗೆ ಲೈಟು, ಕಂಪ್ಯೂಟರ್ ಹೊಟ್ಟೆಯೊಳಗೂ ಕೆಂಪು ಹಸಿರು ನೀಲಿ. ಊರೆಲ್ಲ ದಸರಾ ಲೈಟು ಬಿಚ್ಚಿ ಎಷ್ಟೋ ದಿನ ಆಯ್ತು, ಇವನ ರೂಮಲ್ಲಿ ಮಾತ್ರ ಬಿಚ್ಚಿಲ್ಲ. ಕೂರೋಕೆ ಹಲ್ಲು ಕೀಳೋ ಡಾಕ್ಟರ ಹತ್ರ ಇರುತ್ತಲ್ಲ, ಅಂಥಾ ಕುರ್ಚಿ.

"ಒಂದು ಚಟ ಇಲ್ಲ ನಮ್ಮ ಹುಡುಗನಿಗೆ" ಅಂದರು ಶೈಲಜಮ್ಮ. "ಕುಡಿಯಲ್ಲ, ಸೇದಲ್ಲ. ರೂಮಿಂದ ಆಚೆಗೇ ಬರಲ್ಲ."

ರೂಮಿಂದ ಆಚೆಗೆ ಬರದೇ ಇರೋದೂ ಒಂದು ಗುಣ ಅಂತ ಎಣಿಸೋ ಕಾಲ ಬಂತು. ನಮ್ಮ ಕಾಲದಲ್ಲಿ ಅಂಥವರನ್ನ ಡಾಕ್ಟರಿಗೆ ತೋರಿಸ್ತಿದ್ವಿ.

ಇವನೊಬ್ಬನನ್ನೇ ಯಾಕೆ ಅನ್ನಲಿ. ನಮ್ಮ ವಿದ್ಯಾರಣ್ಯಪುರಂ ಬೀದಿಯಲ್ಲಿ ಸಂಕ್ರಾಂತಿ ಎಳ್ಳು ಕೊಡೋಕೆ ಬಂದ ನಡುವಯಸ್ಸಿನ ಗಂಡಸು, ತಲೆ ನೆರೆತಿದೆ, ಟೀಶರ್ಟ್ ಮೇಲೆ ಬಾಯಿ ತೆರೆದ ಭೂತ. ಎಳ್ಳು ಇಸ್ಕೊಳ್ಳೋದೋ, ಬಾಗಿಲು ಹಾಕ್ಕೊಳ್ಳೋದೋ? ಇನ್ನೊಂದು ಮನೇಲಿ ನಾಮಕರಣ. ಮಗುವಿಗೆ ಯಾವುದೋ ಗೇಮಿನ ಹೀರೋ ಹೆಸರು. ಪುರೋಹಿತರು ಎರಡು ಸಲ ಕೇಳಿ, ಮೂರನೇ ಸಲ ಕೇಳೋಕೆ ನಾಚಿಕೊಂಡು ಬಾಯಲ್ಲೇ ಏನೋ ಗೊಣಗಿಬಿಟ್ಟರು. ಅಪ್ಪ ಕಿವಿಯಲ್ಲಿ ಆ ಹೆಸರು ಹೇಳಿದ್ದೇ ತಡ, ಮಗು ಕಿಟಾರನೆ ಕಿರುಚಿತು. (ಅದಕ್ಕಿರೋ ಬುದ್ಧಿ ಅಪ್ಪನಿಗಿಲ್ಲ.)

ಸರಿ, ಇಂಥಾ ಮನೆಗೆ ನಾವು ಯಾಕೆ ಹೋದ್ವಿ?

ಬ್ರೋಕರ್ ಪುಟ್ಟಸ್ವಾಮಿ ದೆಸೆಯಿಂದ. "ಅಮ್ಮಾ, ಹುಡುಗನಿಗೂ ಗೇಮು, ಹುಡುಗಿಗೂ ಗೇಮು. ಹೇಳಿ ಮಾಡಿಸಿದ ಜೋಡಿ. ಈಗೆಲ್ಲ ಕಾಮನ್ ಇಂಟರೆಸ್ಟ್ ನೋಡ್ತಾರೆ" ಅಂದ. ನನಗೂ ನನ್ನ ಗಂಡನಿಗೂ ಇದ್ದ ಕಾಮನ್ ಇಂಟರೆಸ್ಟ್ ಅಂದ್ರೆ ಮುದ್ದೆ ಒಂದೇ. ಅದನ್ನೂ ಅವರು ಬಿಸಿಯಾಗಿ ತಿಂತಿದ್ರು, ನಾನು ಆರಿದ ಮೇಲೆ.

ಹೌದು, ನಮ್ಮ ಸಿಂಚನಳೂ ಆಡ್ತಾಳೆ. ರಕ್ತ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ ಅವಳಿಗೆ. ಇಡೀ ದಿನ ಜನರ ಕೈಗೆ ಸೂಜಿ ಚುಚ್ಚಿ ಮನೆಗೆ ಬಂದು, ಅನ್ನ ತಿಂದು, ಆ ಎರಡು ಕೈಯಲ್ಲಿ ಹಿಡಿಯೋ ರಿಮೋಟು ತಗೊಂಡು ಟೀವಿ ಮುಂದೆ ಕೂತಳು ಅಂದ್ರೆ ಮುಗೀತು. ನಾನು ಬೈದಿದ್ದೀನಿ. ವೈರ್ ಕಿತ್ತಿದ್ದೀನಿ. ದಂಡದ ಕೆಲಸ, ಹೆಬ್ಬೆರಳು ಸವೆಸೋ ಕೆಲಸ ಅಂತ ಈಗಲೂ ಹೇಳ್ತೀನಿ. ಅವಳು "ಹ್ಞೂಂ ಅಜ್ಜಿ" ಅಂತ ಆಡ್ತಾನೇ ಇರ್ತಾಳೆ.

ಫೋಟೋ ಕೊಟ್ಟು-ತಗೊಂಡು ಆದ ಮೇಲೆ ಹದಿನೈದು ದಿನ ಇಬ್ಬರೂ ಅವರವರ ಮನೇಲೇ ಕೂತು ಒಂದೇ ಟೀಮಲ್ಲಿ ಆಡಿದರಂತೆ. ನಮ್ಮವಳು ಕಿವಿಗೆ ಅದೇನೋ ಹಾಕ್ಕೊಂಡು ಮಾತಾಡ್ತಿದ್ದಳು, ನಗ್ತಿದ್ದಳು. ಮುಂಚೆ ಎರಡು ಸಂಬಂಧ ಬಂದು ತಪ್ಪಿಹೋಗಿತ್ತು. ಆಗ ಅವಳು ನಕ್ಕಿದ್ದು ನಾನು ನೋಡಿರಲಿಲ್ಲ. ಸರೋಜ ಅಂತೂ ಮನಸ್ಸಲ್ಲೇ ಚಪ್ಪರ ಹಾಕಿಬಿಟ್ಟಿದ್ದಳು.

ಭಾನುವಾರ ಆಟೋದಲ್ಲಿ ಹೋಗ್ತಾ ಸರೋಜ ಮಗಳ ಕಿವಿಯಲ್ಲಿ ಊದಿದಳು. "ನೋಡೇ, ಅವನು ಅಲ್ಲಿ ಆಡೋಣ ಅಂತಾನೆ. ಸೋತುಬುಡು."

"ಯಾಕಮ್ಮ?"

"ಯಾಕೆ ಗೀಕೆ ಅನ್ಬೇಡ. ಆಟ ತಾನೇ? ಏನ್ ಹೋಗುತ್ತೆ ನಿಂದು?"

ಸಿಂಚನ ಆಚೆ ನೋಡ್ತಾ ಕೂತಳು. ಆಟ ಅಂದ ಮೇಲೆ ಯಾರು ಗೆದ್ದರೇನು ಅಂತಲೇ ನನಗೂ ಅನ್ನಿಸಿತ್ತು.

ಕಾಫಿ ಆಯ್ತು. ಒಳಗೆ ಹೋಳಿಗೆ ಬೇಯೋ ವಾಸನೆ. ನಮ್ಮಲ್ಲಿ ಮನೆ ನೋಡೋಕೆ ಹೋದಾಗ ಕಾಫಿ ಕುಡೀಬಹುದು, ಎಲೆ ಮುಂದೆ ಕೂತರೆ ಮಾತು ಪಕ್ಕಾ ಆದಂಗೆ. ಅವರು ಎಲೆ ತೊಳೆದಿಟ್ಟಾಗಿತ್ತು.

"ಆಂಟಿ, ಊಟಕ್ಕೆ ಮುಂಚೆ ನಾವಿಬ್ರೂ ಒಂದ್ ಮ್ಯಾಚ್ ಆಡ್ತೀವಿ. ಫ್ರೆಂಡ್ಸ್ ಕಾಯ್ತಾವ್ರೆ" ಅಂದ ನಿಶಾಂತ್. ಎಲ್ಲಿ ಕಾಯ್ತಾವ್ರೆ ಅಂತ ನಾನು ಬಾಗಿಲ ಕಡೆ ನೋಡಿದೆ. ಅವರೆಲ್ಲ ತಂತಮ್ಮ ಮನೇಲಿ ಕೂತು ಕಂಪ್ಯೂಟರಲ್ಲಿ ಇವನ ಆಟ ನೋಡ್ತಾರಂತೆ. ಸ್ಪೀಕರಿಂದ ಒಂದು ದನಿ ಬಂತು: "ಮಗಾ, ಅತ್ತಿಗೆ ಬಂದ್ರಾ?"

ತಾಂಬೂಲ ಇನ್ನೂ ಆಗಿಲ್ಲ, ಆಗಲೇ ಅತ್ತಿಗೆ!

ಆಟ ಏನು ಅಂತೀರಾ? ಕುಸ್ತಿ ತರಹದ್ದು. ಪರದೆ ಮೇಲೆ ಇಬ್ಬರು ದಾಂಡಿಗರು. ತಲೆ ಮೇಲೆ ಒಂದೊಂದು ಹಸಿರು ಪಟ್ಟಿ. ಏಟು ಬಿದ್ದಂಗೆಲ್ಲ ಪಟ್ಟಿ ಸಣ್ಣಗಾಗ್ತಾ ಹೋಗುತ್ತೆ, ಖಾಲಿ ಆದವನು ಬಿದ್ದ. ಅಷ್ಟೇ. ನನಗೇ ಅರ್ಥ ಆಯ್ತು.

ಸಿಂಚನ ಸೋತಳು. ಅವಳು ಹೆಂಗೆ ಆಡ್ತಾಳೆ ಅಂತ ದಿನಾ ಬೈದುಕೊಂಡೇ ನೋಡಿದ್ದೀನಲ್ಲ, ಬೇಕಂತಲೇ ಸೋತದ್ದು ಗೊತ್ತಾಯ್ತು. ಹೊಡೆಯೋ ಕಡೆ ಕೈ ಕಟ್ಟಿ ನಿಂತಳು. ಸರೋಜ ಉಸಿರು ಬಿಟ್ಟಳು. ಶೈಲಜಮ್ಮನ ಮುಖ ಅರಳಿತು. ಎಲೆ ಹಾಸೋಕೆ ಹೊರಟರು.

ಅಲ್ಲಿಗೆ ಮುಗಿದಿದ್ರೆ ಇವತ್ತು ನಾನು ಛತ್ರ ಹುಡುಕ್ತಾ ಓಡಾಡ್ತಿದ್ದೆ.

ನಿಶಾಂತ್ ಕುರ್ಚಿಯಲ್ಲಿ ಒರಗಿಕೊಂಡ. ನಮ್ಮ ಹುಡುಗಿ ತಲೆ ಮೇಲೆ ಕೈಯಿಟ್ಟು, ನಾಯಿಮರಿಗೆ ತಟ್ಟೋ ಹಂಗೆ ತಟ್ಟಿದ. "ಪರವಾಗಿಲ್ಲ, ಹುಡುಗಿಯಾಗಿ ಇಷ್ಟು ಆಡ್ತೀಯಲ್ಲ. ಮದುವೆ ಆದ್ಮೇಲೆ ನಾನು ಕಲಿಸ್ತೀನಿ ಬಿಡು." ಸ್ಪೀಕರ್ ಕಿಸಕಿಸ ಅಂತು.

ಸಿಂಚನ ನಕ್ಕಳು. ಆ ನಗು ನನಗೆ ಗೊತ್ತು.

ಯಾಕೆ ಗೊತ್ತು ಅಂದ್ರೆ, ನಾನೂ ನಕ್ಕಿದ್ದೀನಿ. ಮದುವೆಯಾದ ಹೊಸದರಲ್ಲಿ ನಾನೂ ನನ್ನ ಗಂಡನೂ ಚೌಕಾಬಾರ ಆಡ್ತಿದ್ವಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟು, ಉಜ್ಜಿದ ಹುಣಸೆಬೀಜ. ನನ್ನ ಕಾಯಿ ಮುಂದೆ ಹೋದರೆ ಸಾಕು, ಆ ಮಹಾರಾಯ ಎದ್ದು ಕಾಲಲ್ಲಿ ಗೀಟೆಲ್ಲ ಒರೆಸಿ ಹೋಗೋನು. ಆ ದಿನ ಊಟಕ್ಕೂ ಬರ್ತಿರಲಿಲ್ಲ. ನಾನು ಸೋಲೋದು ಕಲಿತೆ. ಆಟದಲ್ಲಿ ಸೋಲೋದು ಕಲಿತ ಮೇಲೆ ಅಲ್ಲಿಗೆ ನಿಲ್ಲುತ್ತಾ? ಸಾರಿಗೆ ಉಪ್ಪು ಎಷ್ಟು ಅನ್ನೋದರಲ್ಲಿ ಸೋತೆ. ಮಗಳನ್ನ ಎಷ್ಟು ಓದಿಸಬೇಕು ಅನ್ನೋದರಲ್ಲಿ ಸೋತೆ. ಆ ಯಜಮಾನರು ಹೋಗೋವರೆಗೂ ಅವರು ಬುದ್ಧಿವಂತರು ಅಂತಲೇ ನಂಬಿಕೊಂಡಿದ್ದರು.

"ಸಿಂಚನಾ" ಅಂದೆ. "ಇನ್ನೊಂದು ಆಡೇ. ಈ ಸಲ ಸರಿಯಾಗಿ ಆಡು."

ಸರೋಜ ನನ್ನ ತೋಳು ಚಿವುಟಿದಳು. (ಇನ್ನೂ ಕಪ್ಪಗಿದೆ.) ಸಿಂಚನ ನನ್ನ ಮುಖ ನೋಡಿದಳು. ಬಳೆ ಮೇಲಕ್ಕೆ ಸರಿಸಿಕೊಂಡಳು.

ಅಯ್ಯೋ, ಏನು ಹೇಳಲಿ! ಸೀರೆ ಉಟ್ಕೊಂಡು, ಮಲ್ಲಿಗೆ ಮುಡ್ಕೊಂಡು ಕೂತವಳು ಅವನ ದಾಂಡಿಗನನ್ನ ಎತ್ತಿ ಎತ್ತಿ ಒಗೆದಳು. ಬಟ್ಟೆ ಕಲ್ಲಿನ ಮೇಲೆ ಒಗೆಯೋ ಹಂಗೆ. ಇವಳ ಪಟ್ಟಿ ಮುಕ್ಕಾಲು ಹಂಗೇ ಇದೆ, ಅವನದು ಖಾಲಿ.

ಸ್ಪೀಕರಲ್ಲಿ ಕೇಕೆ. "ಮಗಾ, ಅತ್ತಿಗೆ ನಿನ್ನ ಮಲಗಿಸ್ಬುಟ್ರಲ್ಲೋ!"

ನಿಶಾಂತನ ಕಿವಿ ಕೆಂಪಗಾಯ್ತು. "ಲೋ, ನಾನೇ ಬಿಟ್ಟುಕೊಟ್ಟಿದ್ದು ಕಣ್ರೋ. ಮನೆಗೆ ಬಂದಿರೋ ಹುಡುಗಿ, ಅಳಿಸಬಾರದು ಅಂತ" ಅಂದು ಸ್ಪೀಕರ್ ಆಫ್ ಮಾಡಿದ.

ಸಿಂಚನ ರಿಮೋಟು ಮೆತ್ತಗೆ ಮೇಜಿನ ಮೇಲೆ ಇಟ್ಟಳು. "ಬಿಟ್ಟುಕೊಟ್ಟಿದ್ದು ಈ ಆಟ ಅಲ್ಲ ನಿಶಾಂತ್. ಹಿಂದಿಂದು. ಕೊಟ್ಟವಳು ನಾನು."

ಅವನು ಅವಳ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಗಡ್ಡ ಇರೋ ಆ ಗಂಡಸು ಏನು ಮಾಡಿದ ಗೊತ್ತಾ? "ಅಮ್ಮಾ!" ಅಂತ ಕೂಗಿದ. "ಅಮ್ಮಾ, ನಂಗೆ ತಲೆ ನೋಯ್ತಿದೆ. ಇವರನ್ನ ಆಚೆ ಕೂರಿಸು."

ನಾವು ನಡುಮನೇಲಿ ಕೂತ್ವಿ. ರೂಮಿನ ಬಾಗಿಲು ಹಾಕ್ಕೊಂತು. ಎಲೆಗಳು ಹಾಸಿದ್ದು ಹಾಸಿದಂಗೆ, ನೀರು ಚಿಮುಕಿಸಿದ್ದು ಚಿಮುಕಿಸಿದಂಗೆ. ಶೈಲಜಮ್ಮ ಬಾಗಿಲು ತಟ್ಟಿ, ಬೇಡಿಕೊಂಡು, ವಾಪಸ್ ಬಂದರು.

"ಹಸಿವಾದ್ರೆ ಹಂಗಾಡ್ತಾನೆ. ಕಂಟ್ರೋಲರ್ ಕೆಟ್ಟಿತ್ತಂತೆ. ಸಿಂಚನಾ, ನೀನೇ ಹೋಗಿ ಒಂದ್ಸಲ 'ಸಾರಿ' ಅಂದ್ಬುಡಮ್ಮ. ಆಟ ತಾನೇ?"

ಅಲ್ಲಿವರೆಗೂ ಪೇಪರ್ ಹಿಂದೆ ಇದ್ದ ಹುಡುಗನ ಅಪ್ಪ ಪೇಪರ್ ಇಳಿಸದೆಯೇ ಅಂದರು, "ಚಿಕ್ಕೋನಿದ್ದಾಗಿಂದಲೂ ಅಷ್ಟೇ. ಕೇರಂ ಆಡಿದ್ರೂ ನಾವೇ ಸೋಲಬೇಕಿತ್ತು."

"ನೀವು ಸುಮ್ನಿರ್ರೀ" ಅಂದರು ಶೈಲಜಮ್ಮ.

ಸುಮ್ಮನಾದರು. ಅವರಿಗೆ ಅಭ್ಯಾಸ ಇದ್ದಂಗೆ ಕಾಣ್ತು.

ಸರೋಜ ಕಣ್ಣಲ್ಲೇ ಮಗಳಿಗೆ ಹೋಗು ಅಂದಳು. ಆ ಕಣ್ಣಲ್ಲಿ ನೀರಿತ್ತು, ಇಲ್ಲ ಅನ್ನಲ್ಲ. ಎರಡಂತಸ್ತಿನ ಮನೆ, ಚಟ ಇಲ್ಲದ ಹುಡುಗ, ಮುಚ್ಚಿದ ಒಂದು ಬಾಗಿಲು, ಮಧ್ಯೆ ಬರೀ ಒಂದು 'ಸಾರಿ'. ಸಿಂಚನ ಎದ್ದಳು. ಎರಡು ಹೆಜ್ಜೆ ಆ ಬಾಗಿಲ ಕಡೆಗೇ ಹೋದಳು. ನಾನು ಹೇಳೋದು ಹೇಳಿಯಾಗಿತ್ತು, ಇನ್ನು ಅವಳ ಬದುಕು.

ಬಾಗಿಲ ಹತ್ರ ನಿಂತು ತಿರುಗಿದಳು. "ಆಟ ತಾನೇ ಆಂಟಿ. ಅದಕ್ಕೆ ಸಾರಿ ಯಾಕೆ?" ಅಂದು ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

"ಎಲೆ ಎತ್ತಿಬಿಡಿ ತಾಯಿ" ಅಂತ ನಾನೂ ಎದ್ದೆ. ಹೋಳಿಗೆ ವಾಸನೆ ಗೇಟಿನವರೆಗೂ ಬಂತು. ಅದೊಂದೇ ನನಗೆ ನಷ್ಟ.

ಇದೇ ಮೈಸೂರಲ್ಲಿ ಗರಡಿಮನೆ ಪೈಲ್ವಾನರನ್ನ ನೋಡಿದ ಕಣ್ಣು ನಂದು. ಊರೆಲ್ಲ ನೋಡ್ತಿರೋವಾಗ ಬೆನ್ನು ಮಣ್ಣಿಗೆ ತಾಗಿಸಿಕೊಂಡವನು ಎದ್ದು, ಮಣ್ಣು ಕೊಡವಿ, ಗೆದ್ದವನ ಕೈ ಹಿಡಿದು ಹೋಗ್ತಿದ್ದ. ನಿಜವಾದ ಮೂಳೆ ಮುರಿದಿರೋದು. ಇಲ್ಲಿ ಮುರಿದದ್ದೇನು? ಒಂದು ಹಸಿರು ಪಟ್ಟಿ. ಕೂತದ್ದು ಮೆತ್ತನೆ ಕುರ್ಚಿ ಮೇಲೆ. ನೋಡ್ತಿದ್ದವರು ತಂತಮ್ಮ ಮನೇಲಿ ಚಡ್ಡಿ ಹಾಕ್ಕೊಂಡು ಕೂತ ನಾಲ್ಕು ಜನ. ಅದಕ್ಕೇ ಇವನಿಗೆ ತಲೆನೋವು. ಬೀರು ತುಂಬಾ ವೀರರನ್ನ ನಿಲ್ಲಿಸಿಕೊಂಡಿದ್ದಾನೆ, ಒಬ್ಬನಾದ್ರೂ ಇವನಿಗೆ ಏಟು ತಿನ್ನೋದು ಕಲಿಸಲಿಲ್ಲವಲ್ಲ? ಡಬ್ಬಿಯಿಂದ ಆಚೆ ತೆಗೆದರೆ ವ್ಯಾಲ್ಯೂ ಹೋಗೋದು ಗೊಂಬೆಗೊಂದೇ ಅಂದ್ಕೊಂಡಿದ್ದೆ.

ಮಾರನೇ ದಿನ ಪುಟ್ಟಸ್ವಾಮಿ ಫೋನು. "ಹುಡುಗಿಗೆ ತಗ್ಗಿಬಗ್ಗಿ ನಡೆಯೋದು ಗೊತ್ತಿಲ್ಲ ಅಂದ್ಬುಟ್ರು ಅಮ್ಮ."

ಸರೋಜ ಈ ವಾರ ಪೂರ್ತಿ ನನ್ನ ಹತ್ರ ಮಾತಾಡಿಲ್ಲ. ತಟ್ಟೆ ಕುಕ್ಕಿ ಹೋಗ್ತಾಳೆ. ಪಾಪ, ಅವಳ ಸಂಕಟ ಅವಳಿಗೆ. ಬೀದಿಯಲ್ಲಿ ಯಾರು ಸಿಕ್ಕರೂ ಮಗಳ ಮದುವೆ ಯಾವಾಗ ಅಂತ ಕೇಳೋದು ಅವಳನ್ನ, ನನ್ನನ್ನಲ್ಲ.

ಸಿಂಚನಳನ್ನ ಅವನು ಟೀಮಿಂದ ತೆಗೆದುಹಾಕಿದನಂತೆ. "ಬೇಜಾರಾ?" ಅಂತ ಕೇಳಿದೆ.

"ಆಗಿದೆ ಅಜ್ಜಿ. ಒಂದೇ ಟೀಮಲ್ಲಿ ಆಡೋವಾಗ ಚೆನ್ನಾಗಿದ್ದ" ಅಂದಳು. ಟೀವಿ ಹಾಕಿದಳು. ನಾನು ಅವತ್ತು ಬೈಯಲಿಲ್ಲ. ಮಾರನೇ ದಿನದಿಂದ ಬೈತಿದ್ದೀನಿ.

ನಿನ್ನೆ ಪುಟ್ಟಸ್ವಾಮಿ ಇನ್ನೊಂದು ಫೋಟೋ ತಂದಿದ್ದ. "ಈ ಹುಡುಗನಿಗೆ ಗೇಮು, ಗೊಂಬೆ ಏನೂ ಇಲ್ಲ ಅಮ್ಮ. ಒಳ್ಳೆ ಸಂಬಳ, ಸ್ವಂತ ಸೈಟು, ಒಬ್ಬನೇ ಮಗ."

"ಅದೆಲ್ಲ ಆಮೇಲೆ" ಅಂದೆ. "ಮೊದಲು ಕರ್ಕೊಂಡು ಬಾ. ಸೀಮೆಸುಣ್ಣ, ಹುಣಸೆಬೀಜ ತೆಗೆದಿಟ್ಟಿದ್ದೀನಿ. ಒಂದಾಟ ನನ್ನ ಹತ್ರ ಸೋಲಲಿ, ಎದ್ದು ಕಾಲೆಲ್ಲಿಡ್ತಾನೆ ನೋಡೋಣ."