ಏಳು ಅಕ್ಷರದ ಪಾಸ್‌ವರ್ಡ್

ಮಹದೇವು ಹಟಮಾರಿ. ಮಂಡಿ ಮೊಹಲ್ಲಾದ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಯಾವ ಮೆಷಿನ್ ಕೈಕೊಟ್ಟರೂ ಊಟ ಬಿಟ್ಟು ಅದರ ಮುಂದೆ ಕೂರುತ್ತಿದ್ದ. ನಾಳೆ ನೋಡೋಣ ಏಳೋ ಎಂದರೆ ಒಂದೇ ಮಾತು, "ಬುಡಲ್ಲ." ಹಳ್ಳಿಯಿಂದ ಬಂದು ಐಟಿಐ ಮುಗಿಸಿ, ಇಂಗ್ಲಿಷ್ ಕೈಪಿಡಿಗಳನ್ನು ನಿಘಂಟು ಹಿಡಿದು ಓದಿ ಕೆಲಸ ಕಲಿತವನು. ಅವನ ಹತ್ತು ಬೆರಳೇ ಅವನ ಅನ್ನ. ಕೀಬೋರ್ಡಿನ ಮೇಲೆ ಅವು ಓಡುವುದನ್ನು ಕಂಡು ನನಗೆ ಹೊಟ್ಟೆಯುರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

೧೯೯೯ರಲ್ಲಿ ಕಡಕೊಳದ ಒಂದು ಸೀರೆ ಕಾರ್ಖಾನೆಗೆ ನಾವಿಬ್ಬರೂ ಸರ್ವರ್ ಕೂರಿಸಿದೆವು. ಯಜಮಾನ ಸದಾಶಿವಯ್ಯನವರಿಗೂ ಅವರ ತಮ್ಮ ಸುಂದರೇಶನಿಗೂ ಪಾಲಿನ ಜಗಳ. ಸೀರೆಗಳ ವಿನ್ಯಾಸವೆಲ್ಲ ಆ ಸರ್ವರಿನಲ್ಲೇ ಇತ್ತು. ತಮ್ಮನಿಗೆ ಸಿಗಬಾರದು, ಆನ್ ಮಾಡಿದೊಡನೆ ಪಾಸ್‌ವರ್ಡ್ ಕೇಳಬೇಕು ಎಂದರು ಯಜಮಾನರು. ಮಹದೇವು ಸೆಟಪ್ ತೆರೆದು, ಯಾವ ಪದ ಇಡೋಣ ಎಂದ. ರೇಗಿಸಲೆಂದು ನಾನು, ನಿನ್ನ ಮಾತನ್ನೇ ಇಡು ಎಂದೆ. ಅವನು ನಗುತ್ತಾ ಇಂಗ್ಲಿಷಿನ ಏಳು ಅಕ್ಷರಗಳಲ್ಲಿ 'ಬುಡಲ್ಲ' ಎಂದು ಒತ್ತಿದ.

ಎರಡು ವಾರದ ಮೇಲೆ, ಯಜಮಾನರು ಊರಲ್ಲಿಲ್ಲದ ದಿನ, ಬ್ಯಾಕಪ್ ಹೊಂದಿಸಲು ಅವನೊಬ್ಬನೇ ಹೋಗಿದ್ದ. ಇನ್ನೂ ಮೆಷಿನ್ ಆನ್ ಮಾಡಿರಲಿಲ್ಲ, ಸುಂದರೇಶ ಮೂವರನ್ನು ಕರೆತಂದು ಬಾಗಿಲು ಹಾಕಿದ. ಪಾಸ್‌ವರ್ಡ್ ಏನು ಎಂದು ಕೇಳಿದ. ಮಹದೇವು ಪುಕ್ಕಲನಲ್ಲ, ಆದರೆ ಇನ್ನೊಬ್ಬರ ಪಾಲಿಗಾಗಿ ಸಾಯುವಷ್ಟು ದಡ್ಡನೂ ಅಲ್ಲ. ತಕ್ಷಣ ಹೇಳಿಬಿಟ್ಟ.

"ಬುಡಲ್ಲ."

"ಬುಡಲ್ವಾ? ಅದೆಂಗೆ ಬುಡಲ್ಲ ನೋಡ್ತೀನಿ" ಎಂದು ಅವರಲ್ಲೊಬ್ಬ ಸ್ಪ್ಯಾನರಿನಿಂದ ಬಾಯಿಗೇ ಹೊಡೆದ.

ಎರಡು ಹಲ್ಲು ಉದುರಿದವು. ಅದೇ ಪದ ಎಂದು ಬಿಡಿಸಿ ಹೇಳಲು ಬಾಯಿ ತುಂಬ ರಕ್ತ. ಮತ್ತೆ ಕೇಳಿದರು, ಅವನು ಮತ್ತೆ ಆ ಒಂದು ಮಾತನ್ನೇ ಉಗುಳಿದ. ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು ತೋರುಬೆರಳು ಜಜ್ಜಿದರು. ಮತ್ತೆ ಕೇಳಿದರು, ಮಧ್ಯದ ಬೆರಳು. ಮತ್ತೆ ಕೇಳಿದರು, ಉಂಗುರದ ಬೆರಳು. ನಿಜ ಹೇಳಿದಾಗಲೆಲ್ಲ ಒಂದು ಬೆರಳು ಹೋಯಿತು. ಕೊನೆಗೆ ಅವನು ಕೊಸರಿಕೊಂಡು ಸರ್ವರ್ ಆನ್ ಮಾಡಿ, ಕೀಬೋರ್ಡಿನ ಮೇಲೆ ಕವುಚಿಬಿದ್ದು, ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿದ. ಮೆಷಿನ್ ತೆರೆಯಿತು.

"ಆಗ್ಲಿಂದ ಇದ್ನೇ ಅಲ್ವಾ ಹೇಳ್ತಿದ್ದಿದ್ದು" ಎಂದ ಹೊಡೆದವನು. ಮೊದಲೇ ಸರಿಯಾಗಿ ಹೇಳಲಿಲ್ಲವೆಂದು ಹೊಟ್ಟೆಗೊಂದು ಒದ್ದ.

ಸದಾಶಿವಯ್ಯನವರು ಆಸ್ಪತ್ರೆಗೆ ಶಾಲು ಹಿಡಿದು ಬಂದರು. ಮೂರು ಬೆರಳು ಹೋಗುವವರೆಗೂ ಬಾಯಿ ಬಿಡಲಿಲ್ಲ ನಮ್ಮ ಹುಡುಗ ಎಂದು ವಾರ್ಡಿನವರ ಮುಂದೆಲ್ಲ ಹೊಗಳಿದರು. ಆ ಶಾಲನ್ನು ಅವರ ಕತ್ತಿಗೇ ಬಿಗಿಯುವಷ್ಟು ಸಿಟ್ಟು ಬಂತು ನನಗೆ. ಆ ಕೈ ಇನ್ನು ಟೈಪಿಂಗಿಗೆ ಆಗುವುದಿಲ್ಲ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಯಜಮಾನರು ಹೋದ ಮೇಲೆ ಮಹದೇವು ನನ್ನನ್ನು ಹತ್ತಿರ ಕರೆದ.

"ಕೇಳಿದ್ ತಕ್ಷಣ ಹೇಳ್ಬುಟ್ಟೆ ಕಣೋ. ಎಲ್ರಿಗೂ ಗೊತ್ತಾಗೋಯ್ತು, ನೀನ್ ಹೋಗಿ ಬದಲಾಯಿಸ್ಬುಡು."

ಮರುದಿನ ಕಡಕೊಳಕ್ಕೆ ಹೋದೆ. ಕೀಗಳ ಸಂದಿಯಲ್ಲಿ ರಕ್ತ ಒಣಗಿತ್ತು. ಸೆಟಪ್ ತೆರೆದೆ. ಹೊಸ ಪಾಸ್‌ವರ್ಡ್ ಕೊಡಿ ಎಂದಿತು. ಒಂದಕ್ಷರವನ್ನೂ ಒತ್ತದೆ ಎರಡು ಸಲ ಎಂಟರ್ ಹೊಡೆದು ಖಾಲಿ ಬಿಟ್ಟೆ. ಇನ್ನು ಯಾರು ಬಂದರೂ ಅದು ತೆರೆದುಕೊಳ್ಳುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.